ಇ-ಸಿವಿಟಿ: ಹೆಸರು ಒಂದೇ, ಒಳಗಿರೋ ಯಂತ್ರ ಬೇರೆ

ಇವತ್ತಿನ ವಿಷಯ ಹುಟ್ಟಿದ್ದು ಒಂದು ಇಮೇಲ್‌ನಿಂದ. ಬರೆದವರು ಓಹಾಯೋದಲ್ಲಿರೋ ಒಬ್ಬ ಕೇಳುಗರು. ಆಸ್ಪತ್ರೆಯಲ್ಲಿ ನೈಟ್ ಶಿಫ್ಟ್, ಮನೆಯಿಂದ 30 ಮೈಲಿ, ಆ ದಾರಿಯಲ್ಲಿ ಬಸ್ ಇಲ್ಲ. ಕಾರು ಕೆಟ್ಟರೆ ಕೆಲಸಕ್ಕೇ ಕುತ್ತು. ಅವರ ಮಾತಲ್ಲೇ ಓದ್ತೀನಿ:

"ಹೋದ ವರ್ಷ ನಮ್ಮ ಕಾರಿನ ಸಿವಿಟಿ ಕೈಕೊಟ್ಟಿತು. 90,000 ಮೈಲಿ ಆಗಿತ್ತು, ವಾರಂಟಿ ಮುಗಿದಿತ್ತು. ಬದಲಾಯಿಸೋಕೆ 5,000 ಡಾಲರ್ ಅಂದ್ರು. ಕಾರು ಮಾರಿದ್ರೂ ಅಷ್ಟು ಬರ್ತಿರಲಿಲ್ಲ. ಈಗ ಒಂದು ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ನೋಡಿದೀವಿ, ನನಗೆ ಹಿಡಿಸಿದೆ. ಆದ್ರೆ ಜಾಹೀರಾತಿನಲ್ಲಿ ಟ್ರಾನ್ಸ್‌ಮಿಷನ್ ಅಂತ ಇರೋ ಕಡೆ 'ಇಸಿವಿಟಿ' ಅಂತ ಬರೆದಿದ್ದಾರೆ. ನಮ್ಮೆಜಮಾನ್ರು ಅದನ್ನ ನೋಡಿದ ತಕ್ಷಣ 'ಮತ್ತೆ ಅದೇ ಗುಂಡಿಗೆ ಬೀಳೋದು ಬೇಡ' ಅಂದ್ಬಿಟ್ರು. ಸರ್, ಇದು ಅದೇನಾ? ಬೇರೇನಾ?"

ಉತ್ತರ ಮೊದಲೇ ಹೇಳಿಬಿಡ್ತೀನಿ. ಬೇರೆ. ಅವರ ಹಳೇ ಕಾರಿನಲ್ಲಿ ಸವೆದು ಹೋದ ಭಾಗ ಬಹುತೇಕ ಹೈಬ್ರಿಡ್‌ಗಳ ಇ-ಸಿವಿಟಿಯಲ್ಲಿ ಇರೋದೇ ಇಲ್ಲ. ಆದ್ರೆ "ಬಹುತೇಕ" ಅನ್ನೋ ಪದವನ್ನ ಸ್ವಲ್ಪ ನೆನಪಲ್ಲಿಟ್ಟುಕೊಳ್ಳಿ, ಕೊನೆಗೆ ಅದಕ್ಕೆ ವಾಪಸ್ ಬರೋಣ.

ಮೊದಲು, ಗೇರ್ ಯಾಕೆ ಬೇಕು?

ಪೆಟ್ರೋಲ್ ಎಂಜಿನ್‌ಗೆ ಒಂದು ದೌರ್ಬಲ್ಯ ಇದೆ. ಅದು ಸೊನ್ನೆ ವೇಗದಿಂದ ಎಳೆಯೋಕೆ ಆಗಲ್ಲ, ನಿಂತೇ ಹೋಗುತ್ತೆ. ಓಡ್ತಾ ಇರುವಾಗಲೂ, ಕಡಿಮೆ ಇಂಧನಕ್ಕೆ ಹೆಚ್ಚು ಕೆಲಸ ಕೊಡೋದು ಒಂದು ಕಿರಿದಾದ ವೇಗದ ಪಟ್ಟಿಯಲ್ಲಿ ಮಾತ್ರ. ಚಕ್ರಕ್ಕೆ ಮಾತ್ರ ಸೊನ್ನೆಯಿಂದ 70 ಮೈಲಿವರೆಗೆ ಎಲ್ಲ ವೇಗವೂ ಬೇಕು. ಈ ಇಬ್ಬರ ನಡುವೆ ಹೊಂದಾಣಿಕೆ ಮಾಡಿಸೋ ದಲ್ಲಾಳಿಯೇ ಟ್ರಾನ್ಸ್‌ಮಿಷನ್.

ಮಾಮೂಲಿ ಗೇರ್‌ಬಾಕ್ಸ್ ಅಂದ್ರೆ ಮೆಟ್ಟಿಲು: ಒಂದು, ಎರಡು, ಮೂರು. ಮೆಟ್ಟಿಲಿನ ಬದಲು ಇಳಿಜಾರು ಹಾಕಿದ್ರೆ ಅದು ಸಿವಿಟಿ. ಎರಡು ಗೇರ್‌ಗಳ ನಡುವೆ ಬರೋ ಯಾವ ಅನುಪಾತ ಬೇಕಾದ್ರೂ ಸಿಗುತ್ತೆ. ಹಾಗಾಗಿ ಸಿವಿಟಿ ಅನ್ನೋದು ಒಂದು ಯಂತ್ರದ ಹೆಸರಲ್ಲ, ಒಂದು ಗುಣದ ಹೆಸರು. ಆ ಗುಣವನ್ನ ಬೇರೆ ಬೇರೆ ದಾರಿಯಲ್ಲಿ ಸಾಧಿಸಬಹುದು. ನಮ್ಮ ಕೇಳುಗರ ಮನೆಯ ಜಗಳಕ್ಕೆ ಮೂಲ ಇಲ್ಲೇ ಇದೆ.

ಬೆಲ್ಟಿನ ದಾರಿ

ಮೊದಲನೇ ದಾರಿ ನಮಗೆ ಊರಿನಿಂದಲೇ ಪರಿಚಯ. 1980ರ ದಶಕದ ಕೈನೆಟಿಕ್ ಹೋಂಡಾ ನೆನಪಿದೆಯಾ? ಗೇರ್ ಇಲ್ಲದ ಸ್ಕೂಟರ್ ಅಂತ ಎಲ್ಲರೂ ಬೆರಗಾಗಿ ನೋಡ್ತಿದ್ದದ್ದು. ಆಮೇಲೆ ಬಂದ ಆಕ್ಟಿವಾ ಕೂಡ ಅದೇ ಜಾತಿ. ನಿಜ ಹೇಳಬೇಕಂದ್ರೆ ಅದು ಗೇರ್ ಇಲ್ಲದ ಸ್ಕೂಟರ್ ಅಲ್ಲ, ಸಿವಿಟಿ ಸ್ಕೂಟರ್.

ಅದರೊಳಗೆ ಎರಡು ಪುಲ್ಲಿ, ನಡುವೆ ಒಂದು ರಬ್ಬರ್ ಬೆಲ್ಟ್. ಒಂದೊಂದು ಪುಲ್ಲಿಯೂ ಎರಡು ಶಂಕುಗಳನ್ನ ಮೂತಿಗೆ ಮೂತಿ ಇಟ್ಟ ಹಾಗೆ. ಶಂಕುಗಳು ಹತ್ತಿರ ಬಂದ್ರೆ ಬೆಲ್ಟ್ ಅಂಚಿನ ಕಡೆ ಮೇಲೇರುತ್ತೆ, ಅಂದ್ರೆ ಪುಲ್ಲಿ ದೊಡ್ಡದಾದ ಹಾಗೆ. ದೂರ ಸರಿದ್ರೆ ಬೆಲ್ಟ್ ನಡುವಿನ ಕಡೆ ಇಳಿಯುತ್ತೆ, ಪುಲ್ಲಿ ಚಿಕ್ಕದಾದ ಹಾಗೆ. ಮುಂದಿನದು ದೊಡ್ಡದಾಗ್ತಾ ಹೋದ ಹಾಗೆ ಹಿಂದಿನದು ಚಿಕ್ಕದಾಗ್ತಾ ಹೋಗುತ್ತೆ. ಹೊಲಿಗೆ ಮಷೀನಿನ ದೊಡ್ಡ ಚಕ್ರ, ಚಿಕ್ಕ ಚಕ್ರ ಓಡ್ತಾ ಓಡ್ತಾನೇ ಗಾತ್ರ ಬದಲಾಯಿಸಿದ್ರೆ ಹೇಗಿರುತ್ತೋ ಹಾಗೆ.

ಕಾರಿನಲ್ಲಿ ಇದನ್ನ ಮೊದಲು ದೊಡ್ಡ ಪ್ರಮಾಣದಲ್ಲಿ ತಂದವರು ನೆದರ್ಲೆಂಡ್ಸ್‌ನ ಹುಬ್ ವಾನ್ ಡೋರ್ನೆ. 1958ರ ಡಾಫ್ 600 ಕಾರಿನಲ್ಲಿ ರಬ್ಬರ್ ಬೆಲ್ಟ್ ಇತ್ತು. ದೊಡ್ಡ ಎಂಜಿನ್‌ಗೆ ರಬ್ಬರ್ ಸಾಲದು. ಹಾಗಾಗಿ ಮುಂದೆ ಉಕ್ಕಿನ ಬೆಲ್ಟ್ ಬಂತು: ನೂರಾರು ತೆಳು ಉಕ್ಕಿನ ಬಿಲ್ಲೆಗಳನ್ನ ಉಕ್ಕಿನ ಉಂಗುರಗಳಿಗೆ ಪೋಣಿಸಿದ ಹಾರ. ಇದು ಎಳೆಯೋ ಬೆಲ್ಟ್ ಅಲ್ಲ, ಒಂದು ಬಿಲ್ಲೆ ಮುಂದಿನ ಬಿಲ್ಲೆಯನ್ನ ತಳ್ಳುತ್ತಾ ಹೋಗೋ ಬೆಲ್ಟ್.

ಈಗ ಮುಖ್ಯ ವಿಷಯ. ಈ ಬೆಲ್ಟಿಗೂ ಪುಲ್ಲಿಗೂ ನಡುವೆ ಹಲ್ಲು ಇಲ್ಲ. ಎಂಜಿನ್‌ನ ಇಡೀ ಬಲ ಹಾದು ಹೋಗೋದು ಬರೀ ಹಿಡಿತದಿಂದ, ಘರ್ಷಣೆಯಿಂದ. ಅದೂ ಎಣ್ಣೆಯಲ್ಲಿ ಮುಳುಗಿರೋ ಲೋಹಕ್ಕೆ ಲೋಹ. ಜಾರಬಾರದು ಅಂದ್ರೆ ಶಂಕುಗಳನ್ನ ಭಾರೀ ಒತ್ತಡದಲ್ಲಿ ಅಮುಕಿ ಹಿಡಿದಿರಬೇಕು. ಅದಕ್ಕೊಂದು ಪಂಪ್, ಪಂಪ್ ಓಡಿಸೋಕೆ ಎಂಜಿನ್‌ನಿಂದಲೇ ಸ್ವಲ್ಪ ಶಕ್ತಿ. ಎಣ್ಣೆ ಹಳೆಯದಾಗಿ ಒತ್ತಡ ಸಾಲದೇ ಹೋದ್ರೆ ಬೆಲ್ಟ್ ಜಾರುತ್ತೆ. ಜಾರಿದ್ರೆ ಪುಲ್ಲಿಯ ಮೈ ಗೀಚುತ್ತೆ, ಲೋಹದ ಪುಡಿ ಎಣ್ಣೆಗೆ ಸೇರುತ್ತೆ, ಆ ಪುಡಿ ಇನ್ನಷ್ಟು ಗೀಚುತ್ತೆ. ಬೆಲ್ಟ್ ಸಿವಿಟಿಗೆ ಬರೋ ದೊಡ್ಡ ಕಾಯಿಲೆಗಳಲ್ಲಿ ಇದೊಂದು, ಬಂದ್ರೆ ಸಾಮಾನ್ಯವಾಗಿ ಇಡೀ ಡಬ್ಬಿಯನ್ನೇ ಬದಲಾಯಿಸ್ತಾರೆ. 5,000 ಡಾಲರ್ ಬಿಲ್ಲು ಬರೋದು ಹೀಗೆ.

ಬೆಲ್ಟ್ ಸಿವಿಟಿ ಎಲ್ಲವೂ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಚೆನ್ನಾಗಿ ಮಾಡಿ, ಹೊತ್ತಿಗೆ ಎಣ್ಣೆ ಬದಲಾಯಿಸಿದ್ರೆ ಬಹಳ ಕಾಲ ಬಾಳೋವೂ ಇವೆ. ಟೊಯೋಟಾ 2018ರಲ್ಲಿ ತೋರಿಸಿದ ಒಂದು ಮಾದರಿಯಲ್ಲಿ ಕಾರು ನಿಂತಲ್ಲಿಂದ ಹೊರಡೋಕೆ ಹಲ್ಲಿರೋ ನಿಜವಾದ ಮೊದಲ ಗೇರ್ ಇದೆ, ಬೆಲ್ಟ್ ಕೆಲಸ ಶುರುಮಾಡೋದು ಆಮೇಲೆ. ಬೆಲ್ಟಿಗೆ ಕಷ್ಟ ಎಲ್ಲಿ ಅಂತ ಇಂಜಿನಿಯರುಗಳಿಗೂ ಚೆನ್ನಾಗಿ ಗೊತ್ತು.

ಹೈಬ್ರಿಡ್‌ನ ದಾರಿ

ಈಗ ಎರಡನೇ ದಾರಿ. 1997ರ ಡಿಸೆಂಬರ್‌ನಲ್ಲಿ ಜಪಾನ್‌ನಲ್ಲಿ ಟೊಯೋಟಾ ಪ್ರಿಯಸ್ ಬಂತು. ಅದರ ಮೂಲ ವಿಚಾರ ಇನ್ನೂ ಹಳೆಯದು. ಅಮೆರಿಕದ ಟಿಆರ್‌ಡಬ್ಲ್ಯೂ ಕಂಪನಿಯ ಬರ್ಮನ್, ಗೆಲ್ಬ್, ರಿಚರ್ಡ್‌ಸನ್ ಅನ್ನೋ ಮೂವರು ಇಂಥ ವ್ಯವಸ್ಥೆಗೆ 1971ರಲ್ಲೇ ಪೇಟೆಂಟ್ ಪಡೆದಿದ್ರು. ಅದನ್ನ ನಡೆಸಬಲ್ಲ ಎಲೆಕ್ಟ್ರಾನಿಕ್ಸ್ ಬರೋಕೆ ಇನ್ನೂ ಕಾಲು ಶತಮಾನ ಬೇಕಾಯ್ತು.

ಪ್ರಿಯಸ್ ಒಳಗೆ ಬೆಲ್ಟ್ ಇಲ್ಲ, ಶಂಕುವಿನ ಪುಲ್ಲಿ ಇಲ್ಲ, ಟಾರ್ಕ್ ಕನ್ವರ್ಟರ್ ಇಲ್ಲ, ಗೇರ್ ಬದಲಾಯಿಸೋ ಕ್ಲಚ್ ಇಲ್ಲ. ಇರೋದು ಒಂದು ಎಂಜಿನ್, ಎರಡು ವಿದ್ಯುತ್ ಮೋಟಾರು, ಇವು ಮೂರನ್ನೂ ಸೇರಿಸೋ ಒಂದು ಗ್ರಹ ಗೇರುಗಳ ಜೋಡಣೆ. ನಡುವೆ ಸೂರ್ಯ ಗೇರ್, ಅದರ ಸುತ್ತ ಗ್ರಹಗಳ ಹಾಗೆ ಸುತ್ತೋ ಚಿಕ್ಕ ಗೇರುಗಳು, ಎಲ್ಲದರ ಹೊರಗೆ ಒಳಮುಖವಾಗಿ ಹಲ್ಲಿರೋ ಉಂಗುರ ಗೇರ್. ಗ್ರಹಗಳನ್ನ ಹೊತ್ತಿರೋ ಚೌಕಟ್ಟಿಗೆ ಎಂಜಿನ್. ಸೂರ್ಯನಿಗೆ ಚಿಕ್ಕ ಮೋಟಾರು. ಉಂಗುರಕ್ಕೆ ದೊಡ್ಡ ಮೋಟಾರು, ಮತ್ತೆ ಅಲ್ಲಿಂದಲೇ ಚಕ್ರಕ್ಕೆ. ಈ ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಬಿಡೋದಿಲ್ಲ, ಬದಲಾಗೋದಿಲ್ಲ, ಜಾರೋಕೆ ಏನೂ ಇಲ್ಲ.

ಹಾಗಾದ್ರೆ ಅನುಪಾತ ಬದಲಾಗೋದು ಹೇಗೆ? ಇದಕ್ಕೊಂದು ಚಿತ್ರ ಕಟ್ಟಿಕೊಳ್ಳೋಣ. ಹಳ್ಳಿ ಕಡೆ ಇಬ್ಬರು ಹೆಗಲ ಮೇಲೆ ಬಿದಿರಿನ ಗಳ ಇಟ್ಟು, ನಡುವೆ ಭಾರ ನೇತುಹಾಕಿ ಹೊತ್ತೊಯ್ಯೋದು ನೋಡಿದ್ದೀರಲ್ಲ? ಭಾರ ಯಾರ ಕಡೆಗೆ ಹತ್ತಿರವೋ ಅವರಿಗೆ ಹೆಚ್ಚು ತೂಕ. ಪ್ರಿಯಸ್‌ನ ಮೊದಲ ತಲೆಮಾರುಗಳಲ್ಲಿ ಸೂರ್ಯನಿಗೆ 30 ಹಲ್ಲು, ಉಂಗುರಕ್ಕೆ 78. ಒಟ್ಟು 108. ಎಂಜಿನ್‌ನ ತಿರುಗಿಸೋ ಬಲ, ಅಂದ್ರೆ ಟಾರ್ಕ್, ಇದೇ ಲೆಕ್ಕದಲ್ಲಿ ಹಂಚಿಹೋಗುತ್ತೆ: 108ರಲ್ಲಿ 78 ಪಾಲು, ಸುಮಾರು ಶೇ. 72, ಚಕ್ರದ ಕಡೆಗೆ. ಉಳಿದ ಶೇ. 28 ಚಿಕ್ಕ ಮೋಟಾರಿನ ಕಡೆಗೆ. ಈ ಹಂಚಿಕೆ ಯಾವತ್ತೂ ಬದಲಾಗಲ್ಲ.

ಈಗ ಗಳ ಹೊತ್ತ ಇಬ್ಬರಲ್ಲಿ ಒಬ್ಬ ಹೆಗಲು ಸರಿಸಿಬಿಟ್ರೆ? ಭಾರ ನೆಲಕ್ಕೆ. ಇನ್ನೊಬ್ಬ ಎಷ್ಟೇ ಗಟ್ಟಿಯಾಗಿ ನಿಂತಿದ್ರೂ ಪ್ರಯೋಜನ ಇಲ್ಲ. ಚಿಕ್ಕ ಮೋಟಾರಿನ ಕೆಲಸ ಇದೇ: ತನ್ನ ಕಡೆಯ ತುದಿಯನ್ನ ಹಿಡಿದು ನಿಲ್ಲೋದು. ಅದು ಎದುರು ಬಲ ಕೊಟ್ಟರೆ ಮಾತ್ರ ಎಂಜಿನ್‌ನ ಬಲ ಚಕ್ರಕ್ಕೆ ಹೋಗುತ್ತೆ. ಹಾಗೆ ಎದುರು ಬಲ ಕೊಡ್ತಾ ತಿರುಗುವಾಗ ಅದು ಜನರೇಟರ್ ಆಗುತ್ತೆ, ವಿದ್ಯುತ್ ಹುಟ್ಟುತ್ತೆ. ಆ ವಿದ್ಯುತ್ತಿನ ಬಹುಪಾಲು ಬ್ಯಾಟರಿಗೂ ಹೋಗದೆ, ನೇರವಾಗಿ ದೊಡ್ಡ ಮೋಟಾರಿಗೆ ಹೋಗಿ ಮತ್ತೆ ಚಕ್ರವನ್ನೇ ತಿರುಗಿಸಬಹುದು.

ಬಲದ ಹಂಚಿಕೆ ಸ್ಥಿರ, ಆದ್ರೆ ವೇಗಕ್ಕೆ ಸ್ವಾತಂತ್ರ್ಯ ಇದೆ. ಗಳದ ಒಂದು ತುದಿ ಮೇಲೆ, ಇನ್ನೊಂದು ತುದಿ ಕೆಳಗೆ ಹೋದ್ರೂ ನಡುವಿನ ಭಾರ ಅದೇ ಎತ್ತರದಲ್ಲಿ ಇರಬಹುದಲ್ಲ, ಹಾಗೆ. ಲೆಕ್ಕ ಮಾಡಿ ನೋಡೋಣ. ಕಾರು ನಿಂತಿದೆ, ಎಂಜಿನ್ ನಿಮಿಷಕ್ಕೆ 1,000 ಸುತ್ತು ತಿರುಗ್ತಿದೆ. ಉಂಗುರ ಸೊನ್ನೆ. ಆಗ ಚಿಕ್ಕ ಮೋಟಾರು 3,600 ಸುತ್ತು. ಎಂಜಿನ್ ನಿಂತಿದೆ, ಕಾರು ಬ್ಯಾಟರಿಯಲ್ಲಿ ಓಡ್ತಾ ಉಂಗುರ 1,000 ಸುತ್ತು ತಿರುಗ್ತಿದೆ ಅನ್ನಿ. ಆಗ ಚಿಕ್ಕ ಮೋಟಾರು ಹಿಮ್ಮುಖವಾಗಿ 2,600 ಸುತ್ತು. ಚಿಕ್ಕ ಮೋಟಾರಿನ ವೇಗ ಬದಲಾಯಿಸಿದ್ರೆ ಸಾಕು, ಎಂಜಿನ್‌ಗೂ ಚಕ್ರಕ್ಕೂ ನಡುವಿನ ಅನುಪಾತ ಬದಲಾಗುತ್ತೆ. ಬೆಲ್ಟ್ ಸಿವಿಟಿಯಲ್ಲಿ ಲೋಹ ಸರಿದಾಡಿ ಮಾಡೋ ಕೆಲಸವನ್ನ ಇಲ್ಲಿ ವಿದ್ಯುತ್ ಮಾಡುತ್ತೆ. ಇ-ಸಿವಿಟಿಯ "ಇ" ಅಂದ್ರೆ ಇದು.

ಇನ್ನೊಂದು ಲೆಕ್ಕ, ಇದು ನನಗೆ ಬಹಳ ಇಷ್ಟ. ಎಂಜಿನ್ 2,000 ಸುತ್ತಿನಲ್ಲಿದೆ. ಕಾರು ನಿಧಾನವಾಗಿದ್ದು ಉಂಗುರ 1,000 ಸುತ್ತಿನಲ್ಲಿದ್ರೆ, ಎಂಜಿನ್ ಶಕ್ತಿಯ ಸುಮಾರು ಶೇ. 64 ಭಾಗ ವಿದ್ಯುತ್ತಿನ ದಾರಿ ಹಿಡಿಯುತ್ತೆ, ಶೇ. 36 ಮಾತ್ರ ಗೇರಿನ ದಾರಿ. ಅದೇ ಕಾರು ವೇಗವಾಗಿ ಉಂಗುರ 2,500ಕ್ಕೆ ಹೋದ್ರೆ ವಿದ್ಯುತ್ತಿನ ಪಾಲು ಸುಮಾರು ಶೇ. 10ಕ್ಕೆ ಇಳಿಯುತ್ತೆ. ಉಳಿದದ್ದೆಲ್ಲ ಗೇರಿನ ಮೂಲಕ ನೇರ ಚಕ್ರಕ್ಕೆ. ವಿದ್ಯುತ್ ಮಾಡಿ ಮತ್ತೆ ಅದನ್ನ ತಿರುಗುವ ಬಲ ಮಾಡೋದ್ರಲ್ಲಿ ಎರಡು ಸಲ ಸ್ವಲ್ಪ ಸ್ವಲ್ಪ ನಷ್ಟ ಆಗುತ್ತೆ, ಅದು ನಿಜ. ಆದ್ರೆ ಬ್ರೇಕ್ ಹಾಕಿದಾಗ ಶಕ್ತಿ ವಾಪಸ್ ಪಡೆಯೋದು, ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲಿಸೋದು, ಎಂಜಿನ್ನನ್ನ ಅದಕ್ಕೆ ಹಿತವಾದ ವೇಗದಲ್ಲೇ ಇಡೋದು, ಇವೆಲ್ಲ ಸೇರಿ ಆ ನಷ್ಟವನ್ನ ತುಂಬಿ ಮೇಲೂ ಉಳಿಸುತ್ತವೆ.

ಇಲ್ಲದಿರೋ ಭಾಗಗಳ ಪಟ್ಟಿ ನೋಡಿ. ಬೇರೆ ಸ್ಟಾರ್ಟರ್ ಮೋಟಾರು ಇಲ್ಲ, ಚಿಕ್ಕ ಮೋಟಾರೇ ಎಂಜಿನ್ ಎಬ್ಬಿಸುತ್ತೆ. ಬೇರೆ ಆಲ್ಟರ್ನೇಟರ್ ಇಲ್ಲ. ರಿವರ್ಸ್ ಗೇರ್ ಇಲ್ಲ, ದೊಡ್ಡ ಮೋಟಾರು ಹಿಂದಕ್ಕೆ ತಿರುಗುತ್ತೆ ಅಷ್ಟೇ. ನ್ಯೂಟ್ರಲ್ ಕೂಡ ಯಾಂತ್ರಿಕವಾಗಿ ಇಲ್ಲ! "ಎನ್" ಹಾಕಿದಾಗ ಮೋಟಾರುಗಳು ಹಿಡಿತ ಬಿಡುತ್ತವೆ, ಗಳ ಹೊತ್ತವನು ಹೆಗಲು ಸರಿಸಿದ ಹಾಗೆ. ಅದಕ್ಕೇ "ಎನ್"ನಲ್ಲಿ ಬ್ಯಾಟರಿ ಚಾರ್ಜ್ ಆಗಲ್ಲ, ಬಹಳ ಹೊತ್ತು ಹಾಗೆ ಬಿಡಬೇಡಿ ಅಂತ ಪುಸ್ತಕದಲ್ಲಿ ಬರೆದಿರ್ತಾರೆ. ಚಕ್ರ ತಿರುಗಿದ್ರೆ ಮೋಟಾರೂ ತಿರುಗುತ್ತೆ. ಹಾಗಾಗಿ ಪ್ರಿಯಸ್ ಥರದ ಕಾರು ದಾರೀಲಿ ಕೆಟ್ಟು ನಿಂತ್ರೆ, ಮುಂದಿನ ಚಕ್ರ ನೆಲದಲ್ಲಿಟ್ಟು ಎಳೆಯೋಕೆ ಬಿಡಬೇಡಿ. ಫ್ಲಾಟ್‌ಬೆಡ್ ಲಾರಿಯನ್ನೇ ಕೇಳಿ.

ಹಾಗಾದ್ರೆ ಜನ ಯಾಕೆ ಗೊಂದಲ ಮಾಡಿಕೊಳ್ತಾರೆ?

ಯಾಕಂದ್ರೆ ಡ್ರೈವ್ ಮಾಡುವಾಗ ಎರಡೂ ಒಂದೇ ಥರ ಅನ್ಸುತ್ತೆ. ಫ್ರೀವೇ ಹತ್ತೋವಾಗ ಆಕ್ಸಿಲರೇಟರ್ ಒತ್ತಿದ್ರೆ ಎಂಜಿನ್ ಒಂದೇ ಸ್ವರದಲ್ಲಿ ಗುಂಯ್ ಅನ್ನುತ್ತೆ, ಕಾರು ನಿಧಾನವಾಗಿ ಅದರ ಹಿಂದೆ ಬರುತ್ತೆ. ಗೇರ್ ಬಿದ್ದ ಅನುಭವ ಇಲ್ಲ. ಎರಡರಲ್ಲೂ ಎಂಜಿನ್ ವೇಗಕ್ಕೂ ಕಾರಿನ ವೇಗಕ್ಕೂ ಇರೋ ಗಂಟು ಬಿಚ್ಚಿಹೋಗಿದೆ, ಅದಕ್ಕೇ. ಕಿವಿಗೆ ಒಂದೇ, ಹೊಟ್ಟೆಯೊಳಗೆ ಬೇರೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಗುಂಯ್ ಅನ್ನೋದೆಲ್ಲ ಬೆಲ್ಟೂ ಅಲ್ಲ.

ಹೆಸರು ಇನ್ನೂ ಹಾಳು ಮಾಡಿದೆ. 1987ರಲ್ಲಿ ಬಂದ ಸುಬಾರು ಜಸ್ಟಿಯ ಟ್ರಾನ್ಸ್‌ಮಿಷನ್ ಹೆಸರು ಏನು ಗೊತ್ತಾ? ಇಸಿವಿಟಿ! ಅದು ಉಕ್ಕಿನ ಬೆಲ್ಟಿನ ಸಿವಿಟಿ, ಹೈಬ್ರಿಡ್ ಅಲ್ಲವೇ ಅಲ್ಲ. ವಿದ್ಯುತ್ಕಾಂತದ ಕ್ಲಚ್ ಇತ್ತು ಅಂತ ಆ "ಇ". ಅದೇ ಅಕ್ಷರಗಳು ಇವತ್ತು ಇನ್ನೊಂದು ಯಂತ್ರದ ಮೇಲೆ ಕೂತಿವೆ.

ಈ ಗೊಂದಲದಿಂದ ನನ್ನ ಜೇಬಿಗೂ ಕತ್ತರಿ ಬೀಳೋದ್ರಲ್ಲಿತ್ತು. ಎರಡು ವರ್ಷದ ಹಿಂದೆ ನನ್ನ ಹೈಬ್ರಿಡ್ ಕಾರನ್ನ ಎಂಜಿನ್ ಆಯಿಲ್ ಬದಲಾಯಿಸೋಕೆ ಒಂದು ಅಂಗಡಿಗೆ ಬಿಟ್ಟಿದ್ದೆ. ಅಲ್ಲಿದ್ದ ಹುಡುಗ ಕಂಪ್ಯೂಟರ್ ಪರದೆ ತೋರಿಸಿ, "ನಿಮ್ಮದು ಸಿವಿಟಿ, ಸಿವಿಟಿ ಫ್ಲೂಯಿಡ್ ಬದಲಾಯಿಸೋ ಹೊತ್ತಾಗಿದೆ" ಅಂದ. ನಾನೂ ಹೂಂ ಅನ್ನೋದ್ರಲ್ಲಿದ್ದೆ. ಯಾಕೋ ಅನುಮಾನ ಬಂದು ಗ್ಲವ್ ಬಾಕ್ಸಿನ ಪುಸ್ತಕ ತೆಗೆದು ನೋಡಿದ್ರೆ, ಅದರಲ್ಲಿ ಹೇಳಿದ ಎಣ್ಣೆಯೇ ಬೇರೆ. ಬೆಲ್ಟ್ ಸಿವಿಟಿ ಎಣ್ಣೆ ಲೋಹದ ಹಿಡಿತಕ್ಕಾಗಿ ಮಾಡಿದ್ದು. ಹೈಬ್ರಿಡ್ ಡಬ್ಬಿಯಲ್ಲಿ ಎಣ್ಣೆ ಗೇರಿಗೂ ಬೇಕು, ಮೋಟಾರಿನ ತಂತಿ ಸುತ್ತುಗಳನ್ನ ತಣಿಸೋಕೂ ಬೇಕು. ಎರಡನೇ ತಲೆಮಾರಿನಿಂದ ಪ್ರಿಯಸ್‌ಗಳಲ್ಲಿ ಟೊಯೋಟಾ ಹೇಳ್ತಿದ್ದದ್ದು ಎಟಿಎಫ್ ಡಬ್ಲ್ಯೂಎಸ್ ಅನ್ನೋದು, ಸಿವಿಟಿ ಫ್ಲೂಯಿಡ್ ಅಲ್ಲ. ಆ ಹುಡುಗ ಮೋಸ ಮಾಡ್ತಿದ್ದ ಅಂತ ನನಗೆ ಅನಿಸಲಿಲ್ಲ. ಅವನೂ ಪರದೆ ಮೇಲಿನ ಮೂರಕ್ಷರ ನಂಬಿದ್ದ.

"ಬಹುತೇಕ" ಅಂದದ್ದು ಯಾಕೆ?

ಹೈಬ್ರಿಡ್ ಅಂತ ಬರೆದ ಮಾತ್ರಕ್ಕೆ ಒಳಗೆ ಗ್ರಹ ಗೇರೇ ಇರಬೇಕು ಅಂತಿಲ್ಲ. 2003ರ ಹೋಂಡಾ ಸಿವಿಕ್ ಹೈಬ್ರಿಡ್‌ಗೆ ಬೆಲ್ಟ್ ಸಿವಿಟಿ ಸಿಗ್ತಿತ್ತು. 2014ರ ಸುಬಾರು ಕ್ರಾಸ್‌ಟ್ರೆಕ್ ಹೈಬ್ರಿಡ್‌ನಲ್ಲಿ ಪುಲ್ಲಿಗಳ ನಡುವೆ ಉಕ್ಕಿನ ಚೈನ್. ಅದೇ ಹೆಸರಿನ 2019ರ ಪ್ಲಗ್-ಇನ್ ಕಾರಿನಲ್ಲಿ ಎರಡು ಮೋಟಾರು, ಗ್ರಹ ಗೇರ್. ಹೆಸರು ಒಂದು, ವರ್ಷ ಬೇರೆ, ಯಂತ್ರ ಬೇರೆ. ಹ್ಯುಂಡೈ, ಕಿಯಾದ ಹಲವು ಹೈಬ್ರಿಡ್‌ಗಳಲ್ಲಿ 6 ಗೇರಿನ ಮಾಮೂಲಿ ಡಬ್ಬಿ. ಹೋಂಡಾದ ಈಚಿನ ಎರಡು ಮೋಟಾರಿನ ಹೈಬ್ರಿಡ್‌ಗಳಿಗೂ ಇ-ಸಿವಿಟಿ ಅಂತಲೇ ಹೆಸರು, ಆದ್ರೆ ಅಲ್ಲಿ ಗ್ರಹ ಗೇರಿನ ಹಂಚಿಕೆ ಇಲ್ಲ. ಊರೊಳಗೆ ಎಂಜಿನ್ ಜನರೇಟರ್ ತಿರುಗಿಸುತ್ತೆ, ಮೋಟಾರು ಚಕ್ರ ತಿರುಗಿಸುತ್ತೆ. ಹೆದ್ದಾರಿಯಲ್ಲಿ ಒಂದು ಕ್ಲಚ್ ಎಂಜಿನ್ನನ್ನ ನೇರ ಚಕ್ರಕ್ಕೆ ಜೋಡಿಸುತ್ತೆ.

ಊರಲ್ಲಿರೋ ಅಪ್ಪ ಅಮ್ಮನಿಗೆ ಕಾರು ಕೊಡಿಸೋಕೆ ಹೊರಟವರಿಗೂ ಈ ಮಾತು ಬೇಕಾಗುತ್ತೆ. ಬಿಡದಿಯಲ್ಲಿ ತಯಾರಾಗೋ ಇನ್ನೋವಾ ಹೈಕ್ರಾಸ್ ನೋಡಿ. ಬರೀ ಪೆಟ್ರೋಲ್ ಮಾದರಿಯಲ್ಲಿ ಬೆಲ್ಟಿನ ಸಿವಿಟಿ, ಹೈಬ್ರಿಡ್ ಮಾದರಿಯಲ್ಲಿ ಇ-ಸಿವಿಟಿ. ಒಂದೇ ಷೋರೂಮ್, ಒಂದೇ ಹೆಸರು, ಎರಡು ಯಂತ್ರ. ಇಲ್ಲಿ ಅಮೆರಿಕದಲ್ಲಿ ಕೊರೊಲ್ಲಾ ಕಥೆಯೂ ಹೀಗೇ.

ಕೊನೆಗೆ, ಇ-ಸಿವಿಟಿಗೆ ಕಾಯಿಲೆಯೇ ಬರಲ್ಲ ಅಂತ ಭಾವಿಸಬೇಡಿ. ಸವೆತದ ಜಾಗ ಕಡಿಮೆಯಾಗಿದೆ, ಹೊರೆ ಎಲೆಕ್ಟ್ರಾನಿಕ್ಸ್ ಕಡೆಗೆ ಸರಿದಿದೆ. ಬ್ಯಾಟರಿಯ ವಿದ್ಯುತ್ತನ್ನ ಮೋಟಾರಿಗೆ ಬೇಕಾದ ಹಾಗೆ ಮಾರ್ಪಡಿಸೋ ಇನ್ವರ್ಟರ್ ಕೆಟ್ಟರೆ ಕಾರು ನಿಲ್ಲುತ್ತೆ. 2014ರ ಫೆಬ್ರುವರಿಯಲ್ಲಿ ಟೊಯೋಟಾ ಇಂಥದ್ದೇ ಕಾರಣಕ್ಕೆ ಸುಮಾರು 19 ಲಕ್ಷ ಮೂರನೇ ತಲೆಮಾರಿನ ಪ್ರಿಯಸ್‌ಗಳನ್ನ ಸಾಫ್ಟ್‌ವೇರ್ ಸರಿಪಡಿಸೋಕೆ ವಾಪಸ್ ಕರೆಸಿಕೊಂಡಿತ್ತು.

ಹಾಗಾಗಿ ಓಹಾಯೋದ ನಮ್ಮ ಕೇಳುಗರಿಗೆ ನಾನು ಬರೆದ ಉತ್ತರ ಇಷ್ಟು. ಒಂದು, ಆ ಕಾರಿನ ಆ ವರ್ಷದ ಮಾದರಿಯಲ್ಲಿ ಬೆಲ್ಟ್ ಅಥವಾ ಚೈನ್ ಇದೆಯಾ, ಇಲ್ಲಾ ಎರಡು ಮೋಟಾರಿನ ವ್ಯವಸ್ಥೆಯಾ ಅಂತ ನೋಡಿ. "ಇಸಿವಿಟಿ" ಅನ್ನೋ ಪದ ಸಾಲದು. ಎರಡು, ವಿನ್ ನಂಬರ್ ಹಾಕಿ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ರಿಕಾಲ್ ಬಾಕಿ ಇದೆಯಾ ನೋಡಿ, ಅದು ಉಚಿತ. ಮೂರು, ಹೈಬ್ರಿಡ್ ಗೊತ್ತಿರೋ ಮೆಕ್ಯಾನಿಕ್ ಹತ್ತಿರ ಬ್ಯಾಟರಿ ಪರೀಕ್ಷೆ ಮಾಡಿಸಿ. ಬ್ಯಾಟರಿಗೆ ಗಾಳಿ ಎಳೆಯೋ ಜಾಲರಿ ಹಲವು ಕಾರುಗಳಲ್ಲಿ ಹಿಂದಿನ ಸೀಟಿನ ಪಕ್ಕ ಇರುತ್ತೆ, ಅದರಲ್ಲಿ ದೂಳು, ನಾಯಿ ಕೂದಲು ಕಟ್ಟಿದೆಯಾ ನೋಡಿ. ನಾಲ್ಕು, ವಾರಂಟಿ. ಟೊಯೋಟಾ ಅಮೆರಿಕದಲ್ಲಿ 2020ರ ಮಾದರಿಯಿಂದ ಹೈಬ್ರಿಡ್ ಬ್ಯಾಟರಿಗೆ 10 ವರ್ಷ ಅಥವಾ 1,50,000 ಮೈಲಿ ಕೊಡುತ್ತೆ, ಬೇರೆ ಕಂಪನಿಯದ್ದಾದ್ರೆ ಅವರ ಲೆಕ್ಕ ಕೇಳಿ. ಐದು, ಎಣ್ಣೆ ವಿಷಯಕ್ಕೆ ಪುಸ್ತಕ ಬಿಟ್ಟು ಬೇರೆ ಯಾರ ಮಾತೂ ಬೇಡ.

ಮೂರು ದಿನ ಬಿಟ್ಟು ಉತ್ತರ ಬಂತು. ಈ ಸಲ ಬರೆದವರು ಯಜಮಾನರು. "ಬೆಲ್ಟ್ ಇಲ್ಲ ಅಂತ ನೋಡಿ ಖಾತ್ರಿ ಮಾಡಿಕೊಂಡೆ ಸರ್. ಒಂದು ರಿಕಾಲ್ ಬಾಕಿ ಇದೆ, ಡೀಲರ್ ಮಾಡಿಸಿಕೊಡ್ತೀನಿ ಅಂದಿದ್ದಾರೆ. ಶನಿವಾರ ಬ್ಯಾಟರಿ ಪರೀಕ್ಷೆ. ಸರಿ ಇದ್ರೆ ತಗೊಳ್ತೀವಿ. ಸೀಟಿನ ಪಕ್ಕದ ಜಾಲರಿ ನೋಡಿದೆ, ನಾಯಿ ಕೂದಲು ಸಿಕ್ಕಾಪಟ್ಟೆ ಇತ್ತು. ಅದನ್ನ ತೋರಿಸಿ ಬೆಲೆ ಸ್ವಲ್ಪ ಇಳಿಸಿದ್ದೀನಿ."